ಆಟದ ಹಿಂಬಾಕಿ

ಹುಬ್ಬಳ್ಳಿಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ: "ಅಂವಾ ಪರೀಕ್ಷಾ ಬರದು ಬಂದಾಂವಲ್ರೀ, ಸ್ಪೋರ್ಟ್ಸ್ ಕೋಟಾದಾಗ ಬಂದಾನ." ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಇಲ್ಲಿದೆ. ರೈಲ್ವೆ ನೌಕರರು ಓಣಿ ಓಣಿಯಲ್ಲಿ ಸಿಗುತ್ತಾರೆ. ಅವರಲ್ಲಿ ಆಡಿ ನೌಕರಿ ಹಿಡಿದವರೂ ಇರುತ್ತಾರೆ. ಓದಿ ಬಂದವನದು ಗಳಿಕೆ, ಆಡಿ ಬಂದವನದು ಸರ್ಕಾರದ ಔದಾರ್ಯ ಎಂಬ ಎಣಿಕೆ ಆ ಮಾತಿನ ಅಡಿಯಲ್ಲಿದೆ. ಈಚೆಗೆ ಅದಕ್ಕೆ ಇನ್ನೊಂದು ವಾದ ಜೊತೆಯಾಗಿದೆ: ಲೀಗ್‌ಗಳು ಬಂದಿವೆ, ಹರಾಜಿನಲ್ಲಿ ಕೋಟಿಗಟ್ಟಲೆ ಹಣ ಹರಿಯುತ್ತಿದೆ, ಪ್ರತಿಭೆಗೆ ಮಾರುಕಟ್ಟೆಯೇ ಬೆಲೆ ಕಟ್ಟುತ್ತದೆ, ಇನ್ನು ಈ ಕೋಟಾ ಯಾಕೆ? ನಾನು ಎರಡನ್ನೂ ಒಪ್ಪುವುದಿಲ್ಲ. ಹತ್ತು ವರ್ಷ ಸಂಬಳವಿಲ್ಲದೆ ದುಡಿದವರಿಗೆ ತಡವಾಗಿ ಕೈಸೇರುವ ಹಿಂಬಾಕಿ ಆ ನೌಕರಿ.

ಮೊದಲು ಔದಾರ್ಯ ಎಂಬ ಮಾತನ್ನೇ ನೋಡೋಣ. ರೈಲ್ವೆಯ ಕ್ರೀಡಾ ನೇಮಕಾತಿಯಲ್ಲಿ ನೂರು ಅಂಕಗಳ ಲೆಕ್ಕವಿದೆ. ಮೈದಾನದ ಟ್ರಯಲ್ಸ್‌ಗೆ 40, ಆಟದ ಸಾಧನೆಗೆ 50, ಓದಿಗೆ 10. ಟ್ರಯಲ್ಸ್‌ನಲ್ಲಿ 25 ಅಂಕ ಬಾರದವರು ಅಲ್ಲಿಗೇ ಹೊರಗೆ. ವಯಸ್ಸು 18ರಿಂದ 25ರೊಳಗೆ ಇರಬೇಕು, ಇದರಲ್ಲಿ ಯಾರಿಗೂ ಸಡಿಲಿಕೆ ಇಲ್ಲ. ತೋರಿಸುವ ಸಾಧನೆ ನೇಮಕಾತಿಯ ಆರ್ಥಿಕ ವರ್ಷದ್ದೋ ಅದರ ಹಿಂದಿನ ಎರಡು ವರ್ಷದ್ದೋ ಆಗಿರಬೇಕು. ಇಪ್ಪತ್ತೊಂದರಲ್ಲಿ ರಾಷ್ಟ್ರೀಯ ಪದಕ ಗೆದ್ದು, ಮೊಣಕಾಲು ಮುರಿದುಕೊಂಡು, ಇಪ್ಪತ್ತೈದರಲ್ಲಿ ಮತ್ತೆ ಎದ್ದು ನಿಂತ ಹುಡುಗಿಯ ಪದಕಕ್ಕೆ ಆಗ ಬೆಲೆಯಿಲ್ಲ. ಜೊತೆಗೆ ಆ ವರ್ಷದ ಅಧಿಸೂಚನೆಯಲ್ಲಿ ಅವಳ ಆಟವೂ ಅವಳು ಆಡುವ ಸ್ಥಾನವೂ ಇರಬೇಕು. ಲಿಖಿತ ಪರೀಕ್ಷೆಗೆ ಮತ್ತೆ ಮತ್ತೆ ಕೂತವರಿಗೆ ಈ ಬಾಗಿಲು ಎಷ್ಟು ಇಕ್ಕಟ್ಟಾದದ್ದು ಎಂದು ಹೇಗೆ ತಿಳಿಯಬೇಕು? ಅವರು ಓದಿದ್ದು ಮುಂದಿನ ವರ್ಷಕ್ಕೂ ಉಳಿದಿರುತ್ತದೆ.

ಆ ಬಾಗಿಲಿನ ತನಕ ಬರುವ ಖರ್ಚನ್ನು ಯಾರು ಹೊತ್ತರು? ಧಾರವಾಡದ ಮಗ್ಗುಲಿನ ಹೆಬ್ಬಳ್ಳಿಯಂಥ ಊರಿನಿಂದ ಒಬ್ಬ ಹುಡುಗ ನಸುಕಿನ ಬಸ್ಸು ಹಿಡಿದು ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕೆ ಬರುತ್ತಾನೆ ಎಂದುಕೊಳ್ಳಿ. ಸ್ಪೈಕ್ಸ್ ಮನೆಯವರದು, ಹಾಲು ತತ್ತಿ ಮನೆಯವರದು. ಸುಗ್ಗಿಯಲ್ಲಿ ಅವನು ಹೊಲಕ್ಕೆ ಬಾರದ ದಿನದ ಕೂಲಿ ನಷ್ಟವೂ ಮನೆಯವರದೇ. ಗರಡಿ ಮನೆಯ ಹುಡುಗನಾದರೆ ಬಾದಾಮಿ, ತುಪ್ಪದ ಲೆಕ್ಕ ಬೇರೆ. ನಮ್ಮ ಕಡೆ ಒಬ್ಬ ಪೈಲ್ವಾನನನ್ನು ಸಾಕಲು ಎಮ್ಮೆ ಮಾರಿದ ಮನೆಗಳಿವೆ. ಇಂಥ ಹುಡುಗ ಗೆದ್ದ ದಿನ ಅವನ ಕಾಲೇಜಿನ ಗೇಟಿಗೆ ಫ್ಲೆಕ್ಸ್ ಬೀಳುತ್ತದೆ, ಮುಂದಿನ ವರ್ಷದ ಪ್ರವೇಶದ ಜಾಹೀರಾತಿನಲ್ಲಿ ಅವನ ಮುಖ ಇರುತ್ತದೆ. ಪ್ರತಿ ವಿದ್ಯಾರ್ಥಿಯ ಶುಲ್ಕದ ರಸೀದಿಯಲ್ಲಿ ಕ್ರೀಡೆಯ ಹೆಸರಿನಲ್ಲಿ ಒಂದು ಮೊತ್ತ ಇರುತ್ತದಲ್ಲ, ಅದರಲ್ಲಿ ಅವನ ಬಸ್ಸಿನ ಚಾರ್ಜು ಸೇರಿರುವುದು ಅಪರೂಪ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಉಚಿತ ಕೊಟ್ಟಾಗ ನಮ್ಮಲ್ಲಿ ಕೆಲವರು "ಆಟಗಾರರನ್ನ ಖರೀದಿ ಮಾಡ್ತಾರ" ಎಂದು ಮೂಗು ಮುರಿಯುತ್ತಾರೆ. ಉಣ್ಣಲು ಕೊಟ್ಟವರ ತಪ್ಪೇನು? ಇಲ್ಲಿ ಕೊಡದೆ ಇದ್ದದ್ದನ್ನು ಮೊದಲು ಕೇಳಬೇಕು.

ಕಾಲೇಜು ಆಟವನ್ನು ದೊಡ್ಡ ವ್ಯಾಪಾರ ಮಾಡಿದ ಅಮೆರಿಕದಲ್ಲಿ ವಿದ್ಯಾರ್ಥಿ ಆಟಗಾರರು ಬಹುಕಾಲ ಹವ್ಯಾಸಿಗಳು, ಅವರಿಗೆ ಕೂಲಿ ಕೊಡುವಂತಿಲ್ಲ ಎನ್ನುತ್ತಿದ್ದರು. ತರಬೇತುದಾರರಿಗೆ ಮಾತ್ರ ಲಕ್ಷಾಂತರ ಡಾಲರ್ ಸಂಬಳ. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಪ್ರಕಾರ 2016ರಿಂದ ಆಡಿದವರಿಗೆ ಸುಮಾರು 2.8 ಬಿಲಿಯನ್ ಡಾಲರ್ ಹಿಂಬಾಕಿ ಕೊಡಬೇಕಾಯಿತು. ನಮ್ಮ ಕಾಲೇಜುಗಳಲ್ಲಿ ಅಂಥ ಹಣವಿಲ್ಲ ನಿಜ, ಆದರೆ ತತ್ವ ಒಂದೇ. ಗೌರವ ಸಂಸ್ಥೆಗೆ, ಶ್ರಮ ಹುಡುಗನಿಗೆ ಎಂದಾದಾಗ ಅಲ್ಲೊಂದು ಸಾಲ ಉಳಿದಿರುತ್ತದೆ. ರೈಲ್ವೆ, ಪೊಲೀಸ್, ಬ್ಯಾಂಕುಗಳ ಕ್ರೀಡಾ ನೇಮಕಾತಿ ಆ ಸಾಲದ ಒಂದು ಭಾಗವನ್ನು ನಮ್ಮಲ್ಲಿ ಬಹಳ ಹಿಂದಿನಿಂದ ತೀರಿಸುತ್ತ ಬಂದಿದೆ.

ಇನ್ನು ಲೀಗಿನ ಮಾತು. ಪ್ರೊ ಕಬಡ್ಡಿ 2014ರಲ್ಲಿ ಶುರುವಾದಾಗ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರ್‌ಗೆ, 12.8 ಲಕ್ಷ ರೂಪಾಯಿ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2.6 ಕೋಟಿ ದಾಟಿತು. ಆದರೆ ಹರಾಜಿಗೆ ಬರುವುದು ಅರಳಿದ ಹೂವು. ನೀರು ಹಾಕಿದವರ ಲೆಕ್ಕ ಅಲ್ಲಿಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಪವನ್ ಕೂಡ ರೈಲ್ವೆ ತಂಡದ ಆಟಗಾರ. ಹೆಣ್ಣುಮಕ್ಕಳಿಗೆ ಏನಾಯಿತು ನೋಡಿ: 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು, ಒಂದೇ ವರ್ಷಕ್ಕೆ ನಿಂತಿತು. ಕಾರ್ಕಳದ ಕಡೆಯ ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ, ಅರ್ಜುನ ಪ್ರಶಸ್ತಿ ಗಳಿಸಿದ ಕಾಲದಲ್ಲಿ ಅವರ ಬೆನ್ನಿಗಿದ್ದದ್ದು ಲೀಗ್ ಅಲ್ಲ, ರೈಲ್ವೆಯ ನೌಕರಿ.

ನಮ್ಮ ಊರಿನ ಹೆಸರು ಹೊತ್ತ ಹುಬ್ಳಿ ಟೈಗರ್ಸ್ 2023ರಲ್ಲಿ ಕ್ರಿಕೆಟ್‌ನ ಮಹಾರಾಜ ಟ್ರೋಫಿ ಗೆದ್ದಿತು. ನಾನೂ ಹಿಗ್ಗಿದೆ. ಆದರೆ ಆ ಟ್ರೋಫಿಗಿಂತ ಮುಂಚಿನ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) 2019ರ ಫಿಕ್ಸಿಂಗ್ ಪ್ರಕರಣದ ನಂತರ ನಿಂತೇಹೋಗಿತ್ತು. ತಪ್ಪು ಮಾಡದ ಆಟಗಾರರ ಆದಾಯವೂ ಅದರ ಜೊತೆಗೆ ಹೋಯಿತು. ಹೀಗೆ ನಿಂತುಹೋಗಬಲ್ಲದ್ದನ್ನು ನಂಬಿ ಒಂದು ಬಡ ಮನೆ ತನ್ನ ಮಗನನ್ನು ಹತ್ತು ವರ್ಷ ಮೈದಾನಕ್ಕೆ ಬಿಡಲಾರದು.

ವಿಜಯಪುರದ ಕ್ರಿಕೆಟ್ ಆಟಗಾರ್ತಿ ರಾಜೇಶ್ವರಿ ಗಾಯಕವಾಡ ಭಾರತಕ್ಕೆ ಮೊದಲು ಆಡಿದ್ದು 2014ರಲ್ಲಿ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತು ಊರಿಗೆ ಬಂದಾಗ ಅವರಿಗೆ ಬಹುಮಾನವಾಗಿ ಕಾರು ಕೊಡುವ ಮಾತು ಬಂತು. ಆಕೆ ಕಾರು ಬೇಡ, ಮನೆ ಬೇಕು ಎಂದರು. ಕುಟುಂಬ ಬಾಡಿಗೆ ಮನೆಯಲ್ಲಿತ್ತು. ಮಹಿಳಾ ಪ್ರೀಮಿಯರ್ ಲೀಗ್ ಬಂದು ಯುಪಿ ವಾರಿಯರ್ಸ್ ಅವರಿಗೆ 40 ಲಕ್ಷ ಕೊಟ್ಟದ್ದು 2023ರಲ್ಲಿ. ನಡುವಿನ ಆ ಒಂಬತ್ತು ವರ್ಷಗಳ ಬೆಲೆಯನ್ನು ಯಾವ ಮಾರುಕಟ್ಟೆ ಕಟ್ಟಿತ್ತು?

ಪ್ರತಿಭೆ ಇದ್ದರೆ ಹೇಗಾದರೂ ಮೇಲೆ ಬರುತ್ತದೆ ಎನ್ನುವವರು ಕ್ರಿಕೆಟಿಗ ಸುನಿಲ್ ಜೋಶಿಯವರನ್ನು ಹೆಸರಿಸುತ್ತಾರೆ. ಗದಗಿನ ಹುಡುಗ, ಬೆಳಗಿನ ಜಾವ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಮತ್ತೆ ಊರಿಗೆ ಮರಳಿ ಶಾಲೆಗೆ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಹತ್ತು ಓವರಿನಲ್ಲಿ ಆರು ರನ್ ಕೊಟ್ಟು ಐದು ವಿಕೆಟ್ ಪಡೆದರು. ಅವರ ಛಲಕ್ಕೆ ಕೈಮುಗಿಯುತ್ತೇನೆ. ಆದರೆ ಆ ಕತೆ ಗದಗದಲ್ಲಿ ಅನುಕೂಲ ಇರಲಿಲ್ಲ ಎಂಬುದನ್ನೂ ಹೇಳುತ್ತದೆ. ಅದೇ ದಾರಿಯ ಚಾರ್ಜಿಗೆ ಹಣ ಹೊಂದಿಸಲಾಗದೆ ಮನೆಯಲ್ಲೇ ಉಳಿದವರ ಹೆಸರು ನಮಗೆ ಗೊತ್ತಿಲ್ಲ.

ಗೊತ್ತಿರುವ ಕೆಲವರೂ ಇದ್ದಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಬುಡಕಟ್ಟಿನ ಮಕ್ಕಳನ್ನು 1987ರ ಹೊತ್ತಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಆರಿಸಿ ತರಬೇತಿಗೆ ಕರೆದೊಯ್ದಿತು. 1993ರ ಸುಮಾರಿಗೆ ಯೋಜನೆ ನಿಂತಿತು. ಅಷ್ಟರೊಳಗೆ ಪದಕ ಹಿಡಿದ ಕೆಲವರು ಕ್ರೀಡಾ ನೇಮಕಾತಿಯಿಂದ ನೌಕರಿ ಕಂಡರು. ಉಳಿದವರು ಕಾಡು, ಗದ್ದೆ, ಕೂಲಿಗೆ ಹಿಂದಿರುಗಿದರು. ಅವರೆಲ್ಲ ಓಡಿದ್ದು ಒಂದೇ ಟ್ರ್ಯಾಕಿನಲ್ಲಿ.

ಖೊಟ್ಟಿ ಪ್ರಮಾಣಪತ್ರಗಳ ಹಾವಳಿ ಇಲ್ಲವೇ ಎಂದು ಕೇಳಬಹುದು. ಇದೆ. ಅದರಿಂದ ಮೊದಲು ಪೆಟ್ಟು ತಿನ್ನುವವನು ನಿಜವಾಗಿ ಆಡಿದವನೇ, ಆದ್ದರಿಂದ ಪತ್ರದ ತಪಾಸಣೆ ಬಿಗಿಯಾಗಲಿ. ಹುದ್ದೆ ಕಡಿಮೆ ಮಾಡುವುದು ಅದಕ್ಕೆ ಮದ್ದಲ್ಲ. ನನ್ನ ಕೇಳಿಕೆ ಎರಡು. ಗಾಯದಿಂದ ಕಳೆದುಹೋದ ವರ್ಷವನ್ನು ವೈದ್ಯಕೀಯ ದಾಖಲೆ ನೋಡಿ ಸಾಧನೆಯ ಅವಧಿಯಿಂದ ಬಿಡಬೇಕು. ಕಾಲೇಜುಗಳು ಎತ್ತುವ ಕ್ರೀಡಾ ಶುಲ್ಕದಲ್ಲಿ ತಂಡದ ಮಕ್ಕಳ ಬಸ್ ಪಾಸು ಮತ್ತು ಬೆಳಗಿನ ಊಟಕ್ಕೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು, ಪದಕದ ಫ್ಲೆಕ್ಸ್ ಕಟ್ಟುವ ಅದೇ ಗೇಟಿಗೆ ಅಂಟಿಸಬೇಕು.