ಅಷ್ಟೂರಿನ ಗೋಡೆ, ಅಷ್ಟೂರಿನ ಜಾತ್ರೆ

ಬೀದರಿನ ಹಳೆಯ ಕಟ್ಟಡಗಳನ್ನು ಕುರಿತು ಬರೆಯುವವರ ಲೇಖನಿಗೆ ಬಲು ಬೇಗ ಒದಗಿಬರುವ ಮಾತು ‘ಸಮನ್ವಯ’. ಊರಿಗೆ ಸಮೀಪದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿಗಂತೂ ಅದು ಬಿರುದಿನಂತೆ ಅಂಟಿಕೊಂಡಿದೆ. ಬಿರುದು ತಪ್ಪೆಂದು ಹೇಳಲಾರೆವು. ಆದರೆ ಆ ಸಮನ್ವಯ ಇರುವುದು ಎಲ್ಲಿ? ಗೋಡೆಯಲ್ಲಿಯೆ?

ಅಹಮದ್ ಶಾಹ ತೀರಿಕೊಂಡದ್ದು 1436ರಲ್ಲಿ. ಗೋರಿ ಹೊರಗಿನಿಂದ ಗಂಭೀರ, ಅಷ್ಟೆ: ದಪ್ಪ ಗೋಡೆ, ಸಾಲು ಕಮಾನು, ಮೇಲೊಂದು ದೊಡ್ಡ ಗುಮ್ಮಟ. ಒಳಗೆ ಕಾಲಿಟ್ಟರೆ ಕತ್ತಲೆ. ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದಾಗ ಮಾತ್ರ ಕುಂಕುಮಗೆಂಪು, ನೀಲಿ, ಹೊನ್ನಿನ ಬಣ್ಣಗಳು ಒಮ್ಮೆಲೇ ಎದ್ದು ಬರುತ್ತವೆ. ಗುಮ್ಮಟದ ಒಳಮೈ ತಲೆಯ ಮೇಲೆ ಹರವಿದ ರತ್ನಗಂಬಳಿಯಂತಿದೆ. ಇಲ್ಲಿ ಬಳ್ಳಿ, ಹೂ, ರೇಖೆಗಳ ಹೆಣಿಗೆ ಇವೆ. ಎಲ್ಲಕ್ಕೂ ಮಿಗಿಲಾಗಿ ಅಕ್ಷರವಿದೆ. ಕೂಫಿ, ಸುಲುಸ್, ನಸ್ಖ್ ಎಂಬ ಬರಹದ ಶೈಲಿಗಳು ಚಿತ್ರದ ಕೆಲಸವನ್ನೇ ಮಾಡುತ್ತವೆ. ಕಿರ್ಮಾನಿನ ಸೂಫಿ ಸಂತ ಶಾಹ ನಿಯಮತುಲ್ಲನ ಗುರುಪರಂಪರೆ ಇಲ್ಲಿ ಬರೆದಿದೆ. ಅವನ ಪಾರಸಿ ಪದ್ಯಗಳೂ ಇವೆ. ಸುಲ್ತಾನ ಆ ಸಂತನ ಭಕ್ತ; ಸಂತನ ವಂಶದವರನ್ನು ಬೀದರಿಗೆ ಕರೆಸಿಕೊಂಡವನು. ಈ ಬಣ್ಣವೂ ಬರಹವೂ ಇರಾನಿನ ಸಂಪ್ರದಾಯದವು. ಇಲ್ಲಿ ಸ್ಥಳೀಯ ಶಿಲ್ಪವನ್ನು ಹುಡುಕುವವರು ನಿರಾಶರಾದಾರು.

ಸ್ಪೇನಿನಲ್ಲಿ ‘ಮುದೇಹಾರ್’ ಎಂಬ ಕಲೆಯುಂಟು. ಕ್ರೈಸ್ತರ ಆಳ್ವಿಕೆಯಲ್ಲಿ ಉಳಿದ ಮುಸಲ್ಮಾನ ಕುಶಲಕರ್ಮಿಗಳಿಂದ ಬೆಳೆದದ್ದು. ಇಟ್ಟಿಗೆ, ಹೊಳಪಿನ ಹಂಚು, ಕೊರೆದ ಮರ ಅದರ ಸಾಮಗ್ರಿ. ತೆರುವೆಲ್ ನಗರದ ಇಗರ್ಜಿಯ ಚಿತ್ರಿತ ಮರದ ಛಾವಣಿ ಅದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಒಂದು ಧರ್ಮದ ಕಟ್ಟಡಕ್ಕೆ ಇನ್ನೊಂದು ಧರ್ಮದವರ ಕೈಚಳಕ ಒದಗಿತು; ಬೆರೆತದ್ದು ಕಸಬು. ನಮ್ಮ ಬೀದರಿನ ಕೋಟೆಯೊಳಗಿನ ರಂಗೀನ್ ಮಹಲಿನ ಮರಗೆತ್ತನೆಯನ್ನೂ ಹಂಚಿನ ಕೆಲಸವನ್ನೂ ಒಟ್ಟಿಗೆ ನೋಡಿದರೆ ಆ ಬಗೆಯ ಬೆರಕೆ ತಿಳಿಯುತ್ತದೆ.

ಅಷ್ಟೂರಿನ ಕಥೆ ತಿರುವುಮುರುವು. ಇಲ್ಲಿ ಗೋಡೆ ಬೆರೆಯಲಿಲ್ಲ, ಜನ ಬೆರೆತರು. ಹೋಳಿ ಕಳೆದ ಮೇಲೆ ಬರುವ ಉರುಸಿಗೆ ಹಿಂದೂ ಪಂಚಾಂಗದ ತಿಥಿಯೇ ಆಧಾರ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಪರಿವಾರದೊಡನೆ ನಡೆದು ಬರುತ್ತಾರೆ. ಮುಸಲ್ಮಾನರಿಗೆ ‘ವಲಿ’ಯಾದವನು ಹಲವು ಹಿಂದೂಗಳಿಗೆ ಅಲ್ಲಮಪ್ರಭು. ಹನ್ನೆರಡನೆಯ ಶತಮಾನದ ಶರಣನೆಲ್ಲಿ, ಹದಿನೈದನೆಯ ಶತಮಾನದ ಸುಲ್ತಾನನೆಲ್ಲಿ! ಚರಿತ್ರೆಕಾರನಿಗೆ ಇದು ಪ್ರಮಾದ. ಭಕ್ತನಿಗೆ ತೊಡಕೇ ಅಲ್ಲ. ಗೋಡೆಯ ಅಕ್ಷರ ಓದಲು ಬಾರದವನೂ ಅದರ ಕೆಳಗೆ ತಲೆಬಾಗುತ್ತಾನೆ.

ಈಗ ಆ ಬಣ್ಣಗಳು ಮಾಸಿವೆ. ತೇವವಾಗಲಿ, ದೀಪದ ಹೊಗೆಯಾಗಲಿ ಬಣ್ಣಕ್ಕೆ ಹಿತವಲ್ಲ. ಚಿತ್ರಗಳನ್ನು ಜೋಪಾನವಾಗಿ ಕಾಯಲೇಬೇಕು. ಆದರೆ ಕಾಯುವ ಭರದಲ್ಲಿ ಜಾತ್ರೆಯನ್ನು ಹೊರಗಿಟ್ಟರೆ ಉಳಿಯುವುದು ಇರಾನೀ ಕುಸುರಿಯ ಒಂದು ಒಳ್ಳೆಯ ಮಾದರಿ ಮಾತ್ರ. ಅಂಥವು ಇರಾನಿನಲ್ಲಿಯೂ ಬೇಕಾದಷ್ಟಿವೆ. ಅಷ್ಟೂರು ಅಷ್ಟೂರಾಗಿರುವುದು ಗೋಡೆಯೂ ಜಾತ್ರೆಯೂ ಒಂದೇ ಸೂರಿನಡಿ ಇರುವುದರಿಂದ.