ತಂತಿ, ಬೋರ್ಡು, ಲೇತು

ಈ ವಾರ 35 ಎಂಎಂ ಲೆನ್ಸಿನ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಸಂಪಾದಕರು ನಿನ್ನೆ ಸಂಜೆಯಿಂದ ಮೂರು ಸಲ ಫೋನು ಮಾಡಿದ್ದಾರೆ. ನಾನಿರುವುದು ದಾವಣಗೆರೆಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ. ತೊಡೆಯ ಮೇಲೆ ಒಂದು ಕಡೆ ಕಾಗದ, ಇನ್ನೊಂದು ಕಡೆ ಮಂಡಕ್ಕಿ-ಮಿರ್ಚಿ ಪೊಟ್ಟಣ. ಅಲ್ಲಲ್ಲಿ ಎಣ್ಣೆ ಹತ್ತಿದ್ದರೆ ಪುಟ ಕಟ್ಟುವವರು ಮನ್ನಿಸಬೇಕು.

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ 48ನೇ ಹೆದ್ದಾರಿಯಲ್ಲಿ ಹೊರಟವರಿಗೆ ದಾವಣಗೆರೆ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಒಂದು ಹಸಿರು ಫಲಕ, ಒಂದು ಇಳಿಜಾರು, ಮುಗಿಯಿತು. ನನ್ನ ಹಠ ನಿಮಗೆ ಹಳೆಯದು: ಊರು ಬೇಕಾದವನು ಬೈಪಾಸ್ ಬಿಟ್ಟು ಹಳೇ ಪಿ.ಬಿ. ರಸ್ತೆಗೆ ಇಳಿಯಬೇಕು. ಪೂನಾ ಪುಣೆಯಾಯಿತು, ಬ್ಯಾಂಗಳೂರು ಬೆಂಗಳೂರಾಯಿತು, ಈ ರಸ್ತೆಯ ಹೆಸರಿನಲ್ಲಿ ಮಾತ್ರ ಎರಡೂ ಹಳೇ ಇನಿಷಿಯಲ್ಲಿನಲ್ಲೇ ಕೂತಿವೆ. ಊರೂ ಹಾಗೆಯೇ. ಹತ್ತಿ ಗಿರಣಿಗಳ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಆ ಸದ್ದು ಅಡಗಿ ಎಷ್ಟೋ ಕಾಲವಾದರೂ ಡಿ.ಸಿ.ಎಂ. ಟೌನ್‌ಶಿಪ್ ಅಂದರೆ ಆಟೋದವರು ಸೀದಾ ಕರೆದೊಯ್ಯುತ್ತಾರೆ. ಕಾಟನ್ ಮಿಲ್ಲು ಈಗ ಒಂದು ಬಡಾವಣೆಯ ಹೆಸರಿನಲ್ಲಿ ಬದುಕಿದೆ. ಸಣ್ಣ ಊರುಗಳ ಚರಿತ್ರೆ ಇರುವುದು ಇಂಥ ಬೋರ್ಡುಗಳ ಮೇಲೆ.

ಬೋರ್ಡು ಅಂದಕೂಡಲೇ ಒಂದು ಹಳೇ ಲೆಕ್ಕ ನೆನಪಾಗುತ್ತದೆ, ಚುಕ್ತಾ ಮಾಡಿಬಿಡುತ್ತೇನೆ. ಫಿಲ್ಮಿನ ಕಾಲದಲ್ಲಿ ಇದೇ ರಸ್ತೆಯಲ್ಲಿ ಒಂದು ಚಿತ್ರ ತೆಗೆದಿದ್ದೆ. ಸೈಕಲ್ಲಿನ ಮೇಲೆ ಮಂಡಕ್ಕಿ ಚೀಲದ ಬೆಟ್ಟ, ಬೆಟ್ಟದ ಕೆಳಗೆ ಎರಡು ಕಾಲು, ಹಿಂದೆ ಕೈಯಲ್ಲಿ ಬರೆದ ಬಟ್ಟೆ ಅಂಗಡಿಯ ಬೋರ್ಡು, ಮೇಲೆ ಕರೆಂಟಿನ ತಂತಿ. ಒಂದು ಸಲೋನಿಗೆ ಕಳಿಸಿದೆ. ಷರಾ ಸಮೇತ ವಾಪಸು ಬಂತು: ತಂತಿ ಅಡ್ಡ ಬಂದಿದೆ, ಅಕ್ಷರಗಳು ಕಣ್ಣನ್ನು ಎಳೆಯುತ್ತವೆ. ಎಳೆಯಲಿ ಅಂತಲೇ ತೆಗೆದದ್ದು ಸ್ವಾಮಿ! ಆ ವರ್ಷ ಬಹುಮಾನ ಹೋದದ್ದು ಕಪ್ಪು ಹಿನ್ನೆಲೆ, ಬಿಳಿ ರುಮಾಲು, ಬೀಡಿ ಹೊಗೆ, ಮುಖದ ತುಂಬ ಸುಕ್ಕಿದ್ದ ಒಬ್ಬ ಅಜ್ಜನಿಗೆ. ಆ ಅಜ್ಜ ಯಾವ ಊರಿನವನೆಂದು ಚಿತ್ರ ನೋಡಿ ಹೇಳಿದವರಿಗೆ ಇವತ್ತಿಗೂ ನನ್ನ ಖರ್ಚಿನಲ್ಲಿ ಬೆಣ್ಣೆ ದೋಸೆ. ಈಗ ಸಲೋನಿನವರ ಮೊಮ್ಮಕ್ಕಳು ಡ್ರೋನ್ ಹಾರಿಸುತ್ತಿದ್ದಾರೆ. ಮೇಲಿನಿಂದ ನೋಡಿದರೆ ದಾವಣಗೆರೆಯೂ ರಾಣೆಬೆನ್ನೂರೂ ಒಂದೇ: ತಗಡಿನ ಮಾಡು, ನೀರಿನ ಟ್ಯಾಂಕು. ಅಜ್ಜಂದಿರು ತಂತಿಯನ್ನು ಫ್ರೇಮಿನಿಂದ ಓಡಿಸಿದರು, ಇವರು ಊರನ್ನೇ ಓಡಿಸಿದ್ದಾರೆ.

ಈ ಜಗಳ ಬಂದಾಗೆಲ್ಲ ನಾನು ರಘುಬೀರ್ ಸಿಂಗ್ ಅವರ ಕೊನೆಯ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತೇನೆ. ‘ಎ ವೇ ಇಂಟು ಇಂಡಿಯಾ’ ಹೊರಬಂದದ್ದು 2002ರಲ್ಲಿ, ಅವರು ತೀರಿಕೊಂಡ ಮೂರು ವರ್ಷಕ್ಕೆ. ಇಡೀ ಪುಸ್ತಕಕ್ಕೆ ನಾಯಕ ಒಂದು ಅಂಬಾಸಿಡರ್ ಕಾರು. ಕಿಟಕಿ, ಬಾಗಿಲು, ಗಾಜು ಎಲ್ಲ ಫ್ರೇಮಿನ ಒಳಗೇ. ಬೇರೆಯವರಾಗಿದ್ದರೆ ಕಾರಿನಿಂದ ಇಳಿದು, ಕಾರು ಕಾಣದ ಹಾಗೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಕ್ಲಿಕ್ಕಿಸುತ್ತಿದ್ದರು. ಇವರು ಅಡ್ಡ ಬಂದದ್ದನ್ನೇ ಚೌಕಟ್ಟು ಮಾಡಿಕೊಂಡರು. ಅದೂ ಬಣ್ಣದಲ್ಲಿ. ನಮ್ಮ ಊರುಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವವರ ಬಗ್ಗೆ ನನ್ನ ಅಭಿಪ್ರಾಯವನ್ನು ಇನ್ನೊಂದು ವಾರ ಹೇಳುತ್ತೇನೆ, ಇವತ್ತಿಗೆ ಇಷ್ಟು ವೈರಿಗಳು ಸಾಕು.

ಹರಿಹರಕ್ಕೆ ಇಲ್ಲಿಂದ ಹದಿನಾಲ್ಕು ಕಿಲೋಮೀಟರು. ಅಲ್ಲಿಗೆ ಕ್ಯಾಮೆರಾ ಬಂದು ನೂರೈವತ್ತು ವರ್ಷ ದಾಟಿದೆ. ಪಿಗೋ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಫೋಟೊಗಳಿಗೆ ನಮ್ಮ ಸುರಪುರದ ಮೆಡೋಸ್ ಟೇಲರನೂ ಜೇಮ್ಸ್ ಫರ್ಗ್ಯುಸನ್ನನೂ ಬರಹ ಜೋಡಿಸಿದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಅಚ್ಚಾದದ್ದು 1866ರಲ್ಲಿ. ಹರಿಹರೇಶ್ವರನ ಗುಡಿ ಅದರಲ್ಲಿದೆ. ಒಳ್ಳೆಯ ಚಿತ್ರಗಳೇ, ನನ್ನ ತಕರಾರಿಲ್ಲ. ಆದರೆ ತುಂಗಭದ್ರೆಯ ಮೇಲೆ ಕಲ್ಲು-ಇಟ್ಟಿಗೆಯ ಕಮಾನು ಸೇತುವೆ ಮುಗಿದದ್ದು 1868ರಲ್ಲಿ. ಅದಕ್ಕೆ ಮುಂಚೆ ಈ ದಂಡೆಯ ಮೈಸೂರಿನಿಂದ ಆ ದಂಡೆಯ ಬೊಂಬಾಯಿ ಪ್ರಾಂತ್ಯಕ್ಕೆ ಹೊಳೆ ದಾಟಿಸುತ್ತಿದ್ದವರ ಒಂದೇ ಒಂದು ಚಿತ್ರ ಸಿಕ್ಕರೂ ಇಡೀ ಗ್ರಂಥವನ್ನು ಬಿಟ್ಟುಕೊಟ್ಟೇನು.

ಹಾಗೆಂದು ಗುಡಿಗೆ ಹೋಗಬೇಡಿ ಅನ್ನುತ್ತಿಲ್ಲ. ನಾನೂ ಹೋದೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಅರ್ಧ ಶಿವ, ಅರ್ಧ ವಿಷ್ಣು. ಮುಖಮಂಟಪಕ್ಕೆ ಪೂರಾ ಗೋಡೆಯಿಲ್ಲ, ಒರಗುವಷ್ಟು ಎತ್ತರದ ಕಲ್ಲಿನ ಕಟ್ಟೆ. ಬೆಳಗಿನ ಓರೆ ಬಿಸಿಲು ಅದರ ಮೇಲಿಂದ ಒಳಗೆ ಬೀಳುತ್ತದೆ. ಒಂದು ಕಂಬದ ಮುಂದೆ ಕೂತು ಮೀಟರ್ ನೋಡುತ್ತಿದ್ದೆ. ಉರುಟು ಕಂಬ, ಮೈತುಂಬ ಬಳೆ ತೊಡಿಸಿದ ಹಾಗೆ ಗೆರೆ, ಒಂದೊಂದು ಬಳೆಯ ಅಂಚಿಗೂ ಕೂದಲೆಳೆಯಷ್ಟು ಹೊಳಪು. ಉಳಿ-ಸುತ್ತಿಗೆಯಿಂದ ಮಾತ್ರ ಆಗುವ ಕೆಲಸವಲ್ಲ ಇದು, ಕಲ್ಲನ್ನು ತಿರುಗಿಸಿ ಕಡೆದದ್ದು.

ಆಗ ಹೊಳೆಯಿತು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ, ಮಾಡಿದ್ದು ಲೇತು! ಏಳು ಶತಮಾನದ ಅಂತರದಲ್ಲಿ ಒಂದೇ ಊರು ಎರಡು ಸಲ ತಿರುಗಣಿಗೆ ಕೈಯಿಟ್ಟಿದೆ. ನಂಟು ಏನೂ ಇಲ್ಲ, ಬರೀ ಕಾಕತಾಳೀಯ, ನನಗೂ ಗೊತ್ತು. ಫೋಟೊಗ್ರಾಫರನಿಗೆ ಅಷ್ಟು ಸಾಲದೇ?

ಗುಡಿಯಿಂದ ಹೊರಟು ಲೇತ್ ವರ್ಕ್ಸ್ ಹುಡುಕಿದೆ. ಸಿಕ್ಕಿತು. ಹತ್ತು ಅಡಿ ಅಗಲದ ಮಳಿಗೆ, ಹಿಂದೆ ಸರಿದರೆ ಬೆನ್ನಿಗೆ ಗೋಡೆ. 35 ಎಂಎಂ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ವಿವರಣೆ ಬೇಡ, ಕೊಟ್ಟ ಮಾತು ತೀರಿತು. ಅರವತ್ತು ದಾಟಿದ ಹಿರಿಯರೊಬ್ಬರು ಚಕ್ಕಿಗೆ ಶಾಫ್ಟ್ ಬಿಗಿಯುತ್ತಿದ್ದರು.

“ಗುಡಿ ಆ ಕಡಿ ಐತ್ರಿ ಸರ್” ಎಂದರು, ತಲೆ ಎತ್ತದೆ.

“ನೋಡ್ಕೊಂಡೇ ಬಂದೆ ಯಜಮಾನ್ರೇ. ನಿಮ್ಮದೊಂದು ಫೋಟೊ ತೆಗೀಲಾ?”

“ನನ್ನದು ಬ್ಯಾಡ್ರಿ, ಮಷಿನ್‌ದು ತೆಗೀರಿ.”

ಮಷಿನ್ನಿನ ಮೈಮೇಲೆ ಎರಕದಲ್ಲೇ ಎದ್ದ ಕಿರ್ಲೋಸ್ಕರ್ ಅಕ್ಷರಗಳು. ಮೇಲೆ ನಾಲ್ಕೈದು ಸಲ ಬಣ್ಣ ಬಳಿದು ಅಂಚು ಮೊಂಡಾಗಿವೆ, ಸಂದಿಗಳಲ್ಲಿ ಗ್ರೀಸು ಕೂತಿದೆ. ಟೂಲ್ ತಾಗಿದ್ದೇ ಉಕ್ಕು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಬರುವಾಗ ಬೆಳ್ಳಿ, ಬೀಳುವಷ್ಟರಲ್ಲಿ ಕಡುನೀಲಿ. ಹಾಲಿನಂಥ ಕೂಲಂಟ್ ಅದರ ಮೇಲೆ ಸುರಿಯಿತು. ಕಪ್ಪು-ಬಿಳುಪಿನವರು ಆ ನೀಲಿಯನ್ನು ಏನು ಮಾಡುತ್ತಾರೋ! ಹನ್ನೆರಡು ಚಿತ್ರ ತೆಗೆದೆ. ಹನ್ನೊಂದರಲ್ಲಿ ಮಷಿನ್ನು, ಒಂದರಲ್ಲಿ ಅವರ ಕೈ. ಬಾಗಿಲ ಆಚೆ ಕರೆಂಟಿನ ತಂತಿ ಹನ್ನೆರಡರಲ್ಲೂ ಇದೆ.

ಪ್ರಿಂಟ್ ಹಾಕಿಸಿ ತಂದುಕೊಡುತ್ತೇನೆಂದು ಹೇಳಿ ಬಂದಿದ್ದೇನೆ. ನೀವೂ ಆ ಕಡೆ ಹೋದರೆ ಶನಿವಾರವೇ ಹೋಗಿ, ಭಾನುವಾರ ಅಂಗಡಿಗೆ ರಜೆ.