ಪ್ಯಾಚಿಗೆ ಒಂದು ನ್ಯಾಯ, ಮಾಡ್‌ಗೆ ಇನ್ನೊಂದು

ಆಟಗಾರರೇ ಬರೆದ ಮಾಡ್‌, ಪ್ಯಾಚ್‌ಗಳನ್ನು ಗೇಮ್ ಸ್ಟೋರ್‌ಗಳು ತಮ್ಮಲ್ಲೇ ಇಟ್ಟುಕೊಳ್ಳಬೇಕು ಎಂಬ ಮಾತಿಗೆ ಈಗ ಹೆಚ್ಚು ವಿರೋಧವಿಲ್ಲ. 2011ರಲ್ಲಿ ಸ್ಟೀಮ್ ಸ್ಟೋರಿನಲ್ಲಿ ಮಾಡ್ ಹಂಚುವ ವರ್ಕ್‌ಶಾಪ್ ಶುರುವಾದ ಮೇಲೆ ಒಂದೇ ಕ್ಲಿಕ್ಕಿನ ಸುಖ ನಮಗೆ ರೂಢಿಯಾಗಿದೆ. ಫೈಲುಗಳನ್ನು ಕೈಯಾರೆ ಫೋಲ್ಡರಿಗೆ ತುರುಕಿ, ಗೇಮ್ ಕೆಡಿಸಿಕೊಂಡು, ಮತ್ತೆ ಮೊದಲಿಂದ ಇನ್‌ಸ್ಟಾಲ್ ಮಾಡುವ ಕರ್ಮ ಯಾರಿಗೆ ಬೇಕು? ಆ ಸುಖದ ಮೇಲೆ ನನಗೆ ಸಿಟ್ಟಿಲ್ಲ. ಕೆಟ್ಟದ್ದನ್ನು ಸರಿಪಡಿಸುವ ಪ್ಯಾಚು, ಹೊಸದನ್ನು ಸೇರಿಸುವ ಮಾಡ್ ಎರಡನ್ನೂ ಒಂದೇ ಎಂಬಂತೆ ಮಾತಾಡುವುದನ್ನು ಮಾತ್ರ ಒಪ್ಪಲಾರೆ.

‘ವ್ಯಾಂಪೈರ್: ದ ಮಾಸ್ಕರೇಡ್ – ಬ್ಲಡ್‌ಲೈನ್ಸ್’ 2004ರಲ್ಲಿ ಬಗ್‌ಗಳ ಸಮೇತ ಬಿಡುಗಡೆಯಾಯಿತು. ಮರುವರ್ಷವೇ ಅದನ್ನು ತಯಾರಿಸಿದ ಟ್ರೋಯ್ಕಾ ಗೇಮ್ಸ್ ಬಾಗಿಲು ಹಾಕಿತು. ಆಮೇಲೆ ವರ್ಷಗಟ್ಟಲೆ ಆ ಗೇಮನ್ನು ಉಳಿಸಿಕೊಂಡು ಬಂದದ್ದು ವರ್ನರ್ ಸ್ಪಾಲ್ ಅವರ ಅನಧಿಕೃತ ಪ್ಯಾಚ್. ಮೂಲ ಗೇಮನ್ನು ಈಗಿನ ಕಂಪ್ಯೂಟರಿಗೆ ಹಾಕಿದರೆ, ಮೆಮರಿ ವಿಪರೀತ ಇರುವುದರಿಂದಲೇ ಅದರ ಲೆಕ್ಕ ತಪ್ಪುತ್ತದೆ. 15 ಎಂಬಿಗಿಂತ ಕಡಿಮೆ ಇದೆ ಎಂದು ದೂರಿ ನಿಂತುಬಿಡುತ್ತದೆ. ಜಿಒಜಿ ಸ್ಟೋರ್ ಮಾರುವ ಪ್ರತಿಯಲ್ಲಿ ಸ್ಪಾಲ್ ಅವರ ಪ್ಯಾಚ್ ಒಳಗೇ ಇರುತ್ತದೆ, ಕೊಂಡವರು ಎಲ್ಲೂ ಹುಡುಕಬೇಕಿಲ್ಲ. ಇದನ್ನು ಆಟಗಾರರ ಸಮುದಾಯಕ್ಕೆ ಸ್ಟೋರ್ ಮಾಡಿದ ಉಪಕಾರವೆಂದು ಹೊಗಳುವವರಿದ್ದಾರೆ. ದುಡ್ಡು ತೆಗೆದುಕೊಂಡವರು ನಡೆಯುವ ಸರಕು ಕೊಟ್ಟಿದ್ದಾರೆ, ಅಷ್ಟೇ.

2012ರಲ್ಲಿ ಪಿಸಿಗೆ ಬಂದ ‘ಡಾರ್ಕ್ ಸೋಲ್ಸ್’ ನೋಡಿ. ಮಾನಿಟರ್ ಎಷ್ಟೇ ದೊಡ್ಡದಿರಲಿ, ಚಿತ್ರ ಮೂಡುತ್ತಿದ್ದದ್ದು 1024×720ರಲ್ಲೇ. ಡುರಾಂಟೆ ಎಂಬ ಹೆಸರಿನ ಮಾಡರ್ ಅದಕ್ಕೆ ಕೂಡಲೇ ಡಿಎಸ್‌ಫಿಕ್ಸ್ ಎಂಬ ಪ್ಯಾಚ್ ಬರೆದರು. ಇಂಥ ಪ್ಯಾಚನ್ನು ನೂರಾರು ಮಾಡ್‌ಗಳ ಪಟ್ಟಿಯಲ್ಲಿ ಸೇರಿಸಿದರೆ ಸರಕಿನ ದೋಷ ಕೊಳ್ಳುವವನ ಅಭಿರುಚಿಯ ಪ್ರಶ್ನೆಯಾಗಿಬಿಡುತ್ತದೆ: ಬೇಕಿದ್ದರೆ ಹಾಕಿಕೋ, ಬೇಡವಾದರೆ ಬಿಡು. ಅದು ನಡೆಯಕೂಡದು. ಪ್ಯಾಚ್ ಬರೆದವರನ್ನು ಕೇಳಿ, ಗೇಮಿನೊಳಗೇ ಸೇರಿಸಿ, ಅದು ಕೈಕೊಟ್ಟರೆ ಸ್ಟೋರೇ ಜವಾಬು ಹೇಳಬೇಕು.

ಮಾಡ್‌ಗಳ ವಿಷಯದಲ್ಲಿ ನನ್ನ ವಾದ ತಿರುಗುಮುರುಗು. ಅವು ಒಂದೇ ಸ್ಟೋರಿಗೆ ಕಟ್ಟುಬೀಳಬಾರದು. ವರ್ಕ್‌ಶಾಪಿನಲ್ಲಷ್ಟೇ ಇರುವ ಮಾಡ್ ಅದೇ ಗೇಮನ್ನು ಬೇರೆಡೆ ಕೊಂಡವರಿಗೆ ಸುಲಭವಾಗಿ ಸಿಗುವುದಿಲ್ಲ. ಸ್ಟೋರಿನಲ್ಲಿದ್ದರೆ ಸುರಕ್ಷಿತವಲ್ಲವೇ ಎಂದು ಕೇಳುತ್ತಾರೆ. ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ: ‘ಸ್ಲೇ ದ ಸ್ಪೈರ್’ನ ‘ಡೌನ್‌ಫಾಲ್’ ಮಾಡ್‌ಗೆ 2023ರ ಕ್ರಿಸ್‌ಮಸ್ ದಿನ ಮಾಲ್‌ವೇರ್ ಹೊಕ್ಕಿದ್ದು ಸ್ಟೀಮ್‌ನಲ್ಲೇ.

ಮಾಡ್‌ಗಳಿಗೆ ಸ್ಟೋರ್ ಮಾಡಬಹುದಾದ ದೊಡ್ಡ ಸಹಾಯ ಬೇರೆಯೇ ಇದೆ. ಅದು ಗೇಮಿನ ಹಳೆಯ ಆವೃತ್ತಿಗಳನ್ನು ಕೈಗೆಟುಕುವಂತೆ ಇಡುವುದು. 2024ರ ಏಪ್ರಿಲ್‌ನಲ್ಲಿ ‘ಫಾಲ್‌ಔಟ್ 4’ಕ್ಕೆ ಅದರ ತಯಾರಕ ಬೆಥೆಸ್ಡಾ ದೊಡ್ಡ ಅಪ್‌ಡೇಟ್ ತಂದಾಗ, ಅದೇ ವಾರ ಬರಬೇಕಿದ್ದ ‘ಫಾಲ್‌ಔಟ್: ಲಂಡನ್’ ಎಂಬ ಭಾರಿ ಮಾಡ್ ಹೊಸ ಆವೃತ್ತಿಗೆ ಹೊಂದದೆ ಜುಲೈವರೆಗೆ ಮುಂದೆ ಹೋಯಿತು. ಬಂದ ಮೇಲೂ ಸ್ಟೀಮ್ ಪ್ರತಿ ಇದ್ದವರು ಗೇಮನ್ನು ಹಿಂದಿನ ಆವೃತ್ತಿಗೆ ಇಳಿಸಿಯೇ ಆಡಬೇಕಿತ್ತು. ಅಲ್ಲಿ ಬೇಕಿದ್ದದ್ದು ಸೆಟ್ಟಿಂಗ್ಸ್‌ನಲ್ಲಿ ಹಳೆಯ ಆವೃತ್ತಿಗಳ ಒಂದು ಪಟ್ಟಿ. ಜಿಒಜಿಯ ಗ್ಯಾಲಕ್ಸಿ ಆ್ಯಪ್‌ನಲ್ಲಿ ಹಿಂದಕ್ಕೆ ಹೋಗುವ ಆ ಸೌಲಭ್ಯವಿದೆ. ಉಳಿದ ಸ್ಟೋರ್‌ಗಳಿಗೂ ಇದು ಮಹಾ ಕಷ್ಟದ ಕೆಲಸವೇನಲ್ಲ.

ಇನ್ನು ದುಡ್ಡಿನ ಮಾತು. 2015ರಲ್ಲಿ ಸ್ಟೀಮ್‌ನ ಒಡೆಯ ವಾಲ್ವ್ ಮತ್ತು ಬೆಥೆಸ್ಡಾ ‘ಸ್ಕೈರಿಮ್’ ಮಾಡ್‌ಗಳನ್ನು ಬೆಲೆ ಕಟ್ಟಿ ಮಾರಲು ಹೊರಟು, ಗಲಾಟೆಯಾಗಿ, ಕೆಲವೇ ದಿನಗಳಲ್ಲಿ ಹಿಂದೆ ಸರಿದವು. ಮಾಡ್‌ಗೂ ಹಣಕ್ಕೂ ಎಣ್ಣೆ-ಸೀಗೆಕಾಯಿ ಎನ್ನುವವರು ಇಂದಿಗೂ ಇದನ್ನೇ ಸಾಕ್ಷಿಯಾಗಿ ಎತ್ತಿ ತೋರಿಸುತ್ತಾರೆ. ಮಾಡ್ ಬರೆದವರಿಗೆ ಅಂದು ಗೊತ್ತುಮಾಡಿದ್ದ ಪಾಲು ಶೇ. 25 ಎಂಬುದನ್ನು ಮಾತ್ರ ಅಷ್ಟೇ ಉತ್ಸಾಹದಿಂದ ಹೇಳುವುದಿಲ್ಲ. ಶುರುವನ್ನೇ ಪ್ಯಾಚ್‌ಗಳಿಂದ ಮಾಡಿ, ಕೆಟ್ಟ ಗೇಮನ್ನು ನಡೆಯುವಂತೆ ಮಾಡಿದವರಿಗೆ ಸ್ಟೋರ್ ತನ್ನ ಕಮಿಷನ್‌ನಿಂದಲೇ ಪಾಲು ಕೊಟ್ಟಿದ್ದರೆ ಆ ಗಲಾಟೆ ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ.